ಹೊಸ ಬೋರ್ಡಿಗೆ ಕರೆಂಟ್ ಕೊಡುವ ಮುಂಚೆ: ಬೆಸುಗೆ, ಪಾರ್ಟು, ಶಾರ್ಟ್ ನೋಡುವ ಕ್ರಮ

"ಸರ, ಹೊಸಾ ಬೋರ್ಡ್ ರೀ. ನಿನ್ನೆ ಪಾರ್ಸಲ್ ಬಂದದ. ಕರೆಂಟ್ ಕೊಟ್ಟ ಕೂಡ್ಲೆ ಟಪ್ ಅಂತು, ಹೊಗಿ ಬಂತು."

ಹುಬ್ಬಳ್ಳಿಯ ನನ್ನ ಸಣ್ಣ ವರ್ಕ್‌ಶಾಪಿಗೆ ಈ ಮಾತು ಹೇಳಿಕೊಂಡು ಯಾರಾದರೂ ಬರುತ್ತಲೇ ಇರುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ವಿದ್ಯಾನಗರದ ಕಡೆಯಿಂದ ಪ್ರಾಜೆಕ್ಟ್ ಮಾಡುವ ಹುಡುಗ ಹುಡುಗಿಯರು. ಮಳೆ ಕೈಕೊಟ್ಟ ದಿನಗಳಲ್ಲಿ ಪಂಪ್ ಸ್ಟಾರ್ಟರಿನ ಕಾರ್ಡ್ ಹಿಡಿದು ಬರುವ ನವಲಗುಂದ, ಅಣ್ಣಿಗೇರಿ ಕಡೆಯ ರೈತರು. ನಡುವೆ ಗದಗ, ಹಾವೇರಿಯ ಎಲೆಕ್ಟ್ರಿಷಿಯನ್ನರ ಫೋನು. ಎಲ್ಲರೂ ಕೇಳುವುದು ಒಂದೇ: ಹೊಸ ಬೋರ್ಡು ಹೇಗೆ ಕೆಟ್ಟಿರುತ್ತದೆ? ಕೆಟ್ಟಿದ್ದರೆ ಮೊದಲೇ ತಿಳಿಯುವುದು ಹೇಗೆ?

ಹೊಸದು ಅಂದರೆ ಅದನ್ನು ಇನ್ನೂ ಯಾರೂ ಓಡಿಸಿ ನೋಡಿಲ್ಲ ಅಂತಲೂ ಆಗಬಹುದು. ಒಂದೊಂದು ಬೋರ್ಡನ್ನೂ ಪರೀಕ್ಷಿಸಲು ಆಳು ಬೇಕು, ಸಮಯ ಬೇಕು, ದುಡ್ಡು ಬೇಕು. ನೂರಿನ್ನೂರು ರೂಪಾಯಿಯ ಬೋರ್ಡಿನಲ್ಲಿ ಆ ಖರ್ಚಿಗೆ ಜಾಗವಿಲ್ಲ. ಹಾಗಾಗಿ ಆ ಪರೀಕ್ಷೆ ನಿಮ್ಮ ಮೇಜಿನ ಮೇಲೆ ಆಗಬೇಕು. ಕೊನೆಯ ಒಂದು ದಿನದ ಓಟ ಬಿಟ್ಟರೆ, ಕೈ ಕೂತ ಮೇಲೆ ಒಂದು ಬೋರ್ಡಿಗೆ ಇಪ್ಪತ್ತು ನಿಮಿಷ ಸಾಕು.

ಕ್ರಮ ಮಾತ್ರ ತಪ್ಪಬಾರದು. ಮೊದಲು ಕಣ್ಣು, ಆಮೇಲೆ ಮೀಟರ್, ಕಟ್ಟಕಡೆಗೆ ಕರೆಂಟ್. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ. ಕರೆಂಟ್ ಕೊಟ್ಟು, ಹೊಗೆ ಬಂದ ಮೇಲೆ ಲೆನ್ಸ್ ಹಿಡಿದು ಕೂರುತ್ತಾರೆ. ಅಷ್ಟೊತ್ತಿಗೆ ತಪ್ಪು ಕಾರ್ಖಾನೆಯದೋ ನಮ್ಮ ವೈರಿಂಗಿನದೋ ಹೇಳಲು ಬರುವುದಿಲ್ಲ. ವಾಪಸ್ ಕೊಡಲು ಹೋದರೆ ಅಂಗಡಿಯವರೂ ಒಪ್ಪುವುದಿಲ್ಲ.

ಇಲ್ಲಿ ಹೇಳುತ್ತಿರುವುದು ಪಾರ್ಟು ಹಾಕಿ ಬೆಸೆದು ಬರುವ ಬೋರ್ಡುಗಳ ಬಗ್ಗೆ. ರಿಲೇ (ಸಣ್ಣ ಕರೆಂಟಿನಿಂದ ನಡೆಯುವ ಸ್ವಿಚ್ಚು) ಇರುವ ಬೋರ್ಡ್, ವೈಫೈ ಬೋರ್ಡ್, ವೋಲ್ಟೇಜ್ ಇಳಿಸುವ ಬಕ್ ಮಾಡ್ಯೂಲ್, ಬ್ಯಾಟರಿ ಚಾರ್ಜ್ ಮಾಡುವ ಬೋರ್ಡ್, ಮೋಟಾರ್ ಸ್ಟಾರ್ಟರಿನ ಕಂಟ್ರೋಲ್ ಕಾರ್ಡ್, ಇಂಥವು.

ಬೇಕಾಗುವ ಸಾಮಾನು

ಮೊದಲನೆಯದು 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಅದೇ. ಮೊಬೈಲ್ ಕ್ಯಾಮೆರಾದ ಜೂಮ್ ಫೋಟೋ ತೆಗೆದಿಡಲು ಚೆನ್ನ, ಆದರೆ ಲೂಪಿನ ಕೆಲಸ ಅದರಿಂದ ಆಗದು. ಎರಡನೆಯದು, ಬೇಕಾದ ಕಡೆ ತಿರುಗಿಸಲು ಬರುವ ಟೇಬಲ್ ಲ್ಯಾಂಪ್. ಮೂರನೆಯದು ಮಲ್ಟಿಮೀಟರ್. ಇವುಗಳ ಜೊತೆ ಚೂಪು ಮೊನೆಯ ಚಿಮಟ, ಹಲ್ಲು ಚುಚ್ಚುವ ಮರದ ಕಡ್ಡಿ, ಹಳೆ ಟೂತ್ ಬ್ರಷ್, ಐಸೊಪ್ರೊಪೈಲ್ ಆಲ್ಕೋಹಾಲ್. ಈ ಆಲ್ಕೋಹಾಲಿಗೆ ಅಂಗಡಿಯಲ್ಲಿ ಐಪಿಎ ಅಂದರೆ ಸಾಕು. ನೀರು ಜಾಸ್ತಿ ಬೆರೆಸಿದ್ದು ಬೇಡ, 99 ಪರ್ಸೆಂಟಿನದು ತನ್ನಿ.

ಕರೆಂಟಿಗೆ ಮಿತಿ ಹಾಕಲು ಬರುವ ಪವರ್ ಸಪ್ಲೈ ಇದ್ದರೆ ಬಹಳ ಒಳ್ಳೆಯದು. ಇಲ್ಲದಿದ್ದರೂ ದಾರಿ ಇದೆ, ಮುಂದೆ ಹೇಳುತ್ತೇನೆ.

1. ಪ್ಯಾಕೆಟ್ ಬಿಚ್ಚುವಾಗಲೇ ಫೋಟೋ ತೆಗೆಯಿರಿ

ಕೊಪ್ಪಿಕರ ರಸ್ತೆಯ ಅಂಗಡಿಯಲ್ಲಿ ಕೊಂಡಿರಲಿ, ಆನ್‌ಲೈನಿನಲ್ಲಿ ತರಿಸಿರಲಿ, ಬಿಚ್ಚಿದ ಕೂಡಲೇ ಎರಡೂ ಬದಿಯ ಫೋಟೋ ತೆಗೆಯಿರಿ. ಪಾರ್ಸಲ್ ಆದರೆ ಬಿಚ್ಚುವುದನ್ನೇ ವಿಡಿಯೋ ಮಾಡಿ.

ಇಲ್ಲೊಂದು ದೊಡ್ಡ ತಪ್ಪು ಆಗುತ್ತದೆ. ವೈಫೈ ಬೋರ್ಡಿನ ಜೊತೆ ಪಿನ್ ಪಟ್ಟಿ ಬಿಡಿಯಾಗಿ ಬಂದಿರುತ್ತದೆ. ಉತ್ಸಾಹದಲ್ಲಿ ಮೊದಲು ಅದನ್ನೇ ಬೆಸೆದುಬಿಡುತ್ತಾರೆ. ನಿಮ್ಮ ಬೆಸುಗೆ ಬಿದ್ದ ಬೋರ್ಡನ್ನು ವಾಪಸ್ ತೆಗೆದುಕೊಳ್ಳುವವರು ಸಿಗುವುದು ಕಷ್ಟ. ಪರೀಕ್ಷೆ ಪೂರ್ತಿ ಮುಗಿಯುವ ತನಕ ಸೋಲ್ಡರಿಂಗ್ ಐರನ್ನಿಗೆ ಕೈ ಹಾಕಬೇಡಿ.

ಬೋರ್ಡನ್ನು ಅಂಚಿನಲ್ಲಿ ಹಿಡಿಯಿರಿ. ಡಿಸೆಂಬರ್, ಜನವರಿಯ ಒಣ ಹವೆಯಲ್ಲಿ ಸ್ವೆಟರ್ ತೆಗೆಯುವಾಗ ಚಟಚಟ ಅನ್ನುತ್ತದಲ್ಲ, ಅಷ್ಟು ಸ್ಥಿರ ವಿದ್ಯುತ್ತು ಸೂಕ್ಷ್ಮ ಐಸಿ (ಹಲವು ಪಿನ್ನಿನ ಚಿಪ್) ಹಾಳಾಗಲು ಸಾಕು. ಅರ್ಥಿಂಗ್ ಇರುವ ಲೋಹವನ್ನು ಒಮ್ಮೆ ಮುಟ್ಟಿ ಕೂತುಕೊಳ್ಳಿ.

2. ಪಾರ್ಟು ಬಿಡಿ, ಹಲಗೆ ನೋಡಿ

ಹಲಗೆ ಅಂದರೆ ಹಸಿರು ಪಿಸಿಬಿ. ಗಾಜಿನ ನೂಲಿನ ಬಟ್ಟೆಗೆ ಎಪಾಕ್ಸಿ ಅಂಟು ಹಾಕಿ ಒತ್ತಿ ಮಾಡಿದ್ದು. ಸಾಮಾನ್ಯವಾಗಿ 1.6 ಮಿಲಿಮೀಟರ್ ದಪ್ಪ. ಅದರ ಮೇಲೆ ತಾಮ್ರದ ಗೆರೆಗಳು, ನಮ್ಮ ಕಡೆ ರಿಪೇರಿಯವರ ಬಾಯಲ್ಲಿ ಟ್ರ್ಯಾಕ್. ಟ್ರ್ಯಾಕಿನ ತಾಮ್ರ ಹೆಚ್ಚಾಗಿ 35 ಮೈಕ್ರಾನ್ ದಪ್ಪ ಇರುತ್ತದೆ. ಅದರ ಮೇಲಿನ ಹಸಿರು ಬಣ್ಣ ಚಂದಕ್ಕೆ ಹಚ್ಚಿದ್ದಲ್ಲ. ಬೆಸುಗೆ ಬೇಡದ ಕಡೆ ಹರಿಯದಂತೆ ತಡೆಯುವ ಪದರ ಅದು.

ಮೊದಲು ಗಾಜಿನ ಮೇಲೆ ಬೋರ್ಡನ್ನು ಇಟ್ಟು ಸೊಟ್ಟ ಇದೆಯಾ ನೋಡಿ. ಕೆಳಗೆ ಪಿನ್ನು, ಬೆಸುಗೆ ಚಾಚಿದ್ದರೆ ಅಂಚಿಗೆ ಸ್ಟೀಲ್ ಸ್ಕೇಲ್ ಹಿಡಿದು ನೋಡಿ. ಸಣ್ಣ ಪಾರ್ಟುಗಳನ್ನು ಮೇಲ್ಮೈಗೆ ಬೆಸೆದ ಬೋರ್ಡಿನಲ್ಲಿ 100 ಮಿಲಿಮೀಟರ್ ಉದ್ದಕ್ಕೆ ಮುಕ್ಕಾಲು ಮಿಲಿಮೀಟರ್ ತನಕ ಬಾಗನ್ನು ಉದ್ಯಮದ ಮಾನದಂಡ ಒಪ್ಪುತ್ತದೆ. ಅದಕ್ಕಿಂತ ಜಾಸ್ತಿ ಬಾಗಿದ್ದನ್ನು ಸ್ಕ್ರೂ ಹಾಕಿ ಬಿಗಿದರೆ ಬೆಸುಗೆಗಳ ಮೇಲೆ ಎಳೆತ ಬೀಳುತ್ತದೆ.

ಆಮೇಲೆ ಬೆಳಕಿಗೆ ಹಿಡಿಯಿರಿ. ಒಳಗೆ ಬಿಳಿ ಮಚ್ಚೆ, ಗುಳ್ಳೆ ಕಂಡರೆ ಪದರ ಬಿಟ್ಟಿರಬಹುದು. ತೂತುಗಳ ಸುತ್ತ ತಾಮ್ರದ ಬಳೆ ನಾಲ್ಕೂ ಕಡೆ ಸಮ ಇರಬೇಕು. ಡ್ರಿಲ್ ಒಂದು ಕಡೆ ಸರಿದು ಬಳೆ ಕತ್ತರಿಸಿಹೋಗಿದ್ದರೆ ಆ ಜಾಗ ನೆನಪಿಡಿ, ಮೀಟರ್ ಹಚ್ಚಿ ನೋಡಬೇಕು. ಹಸಿರು ಪದರ ಗೀರಿ ತಾಮ್ರ ಹೊಳೆಯುತ್ತಿದ್ದರೆ ಗೆರೆ ತುಂಡಾಗಿದೆಯಾ ನೋಡಿ.

ಅಂಚುಗಳನ್ನು ಮಾತ್ರ ಬಿಡಬೇಡಿ. ಕಾರ್ಖಾನೆಯಲ್ಲಿ ಹತ್ತಿಪ್ಪತ್ತು ಬೋರ್ಡುಗಳನ್ನು ಒಂದೇ ದೊಡ್ಡ ಹಾಳೆಯಲ್ಲಿ ಮಾಡಿ, ಕೊನೆಗೆ ಶೇಂಗಾ ಚಿಕ್ಕಿ ಮುರಿದ ಹಾಗೆ ಮುರಿಯುತ್ತಾರೆ. ಮುರಿಯುವಾಗ ಹಲಗೆ ಬಾಗುತ್ತದೆ. ಅಂಚಿಗೆ ಹತ್ತಿರ ಇರುವ ಕಂದು ಬಣ್ಣದ ಪುಟ್ಟ ಸೆರಾಮಿಕ್ ಕೆಪಾಸಿಟರ್‌ಗಳು ಆ ಬಾಗುವಿಕೆ ತಡೆಯದೆ ಬಿರುಕು ಬಿಡುತ್ತವೆ. ಅಂಥ ಬಿರುಕು ಕೂದಲಿಗಿಂತ ಸಣ್ಣದು. ಎಷ್ಟೋ ಸಲ ಪಾರ್ಟಿನ ಅಡಿಯಲ್ಲೇ ಇದ್ದು ಕಣ್ಣಿಗೆ ಬೀಳುವುದೇ ಇಲ್ಲ. ಇವತ್ತು ನಡೆದು, ಮಳೆಗಾಲದ ತೇವ ಸೇರಿದಾಗ ಶಾರ್ಟ್ ಆಗುವುದು ಇಂಥವೇ. ಅಂಚಿನ ಕೆಪಾಸಿಟರ್ ಒಂದೊಂದನ್ನೂ ಲೂಪಿನಲ್ಲಿ ನೋಡಿ. ನೀವೂ ಬೋರ್ಡನ್ನು ಬಗ್ಗಿಸಬೇಡಿ.

3. ಪಾರ್ಟು ಸರಿಯಾದ ದಿಕ್ಕಿಗೆ ಕೂತಿದೆಯಾ

ಯಂತ್ರ ಪಾರ್ಟು ಇಡುವಾಗ ಮೂರು ತಪ್ಪು ಆಗುತ್ತವೆ. ಪಾರ್ಟು ಇಲ್ಲದೇ ಹೋಗುವುದು, ಸರಿದು ಕೂರುವುದು, ತಿರುವುಮುರುವು ಕೂರುವುದು.

ಇಲ್ಲದ ಪಾರ್ಟು ಕಂಡ ಕೂಡಲೇ ಗಾಬರಿ ಬೇಡ. ಒಂದೇ ಹಲಗೆಯಲ್ಲಿ ಎರಡು ಮೂರು ಮಾದರಿ ಮಾಡುವಾಗ ಕೆಲವು ಜಾಗ ಖಾಲಿ ಬಿಡುವುದುಂಟು. ಬೇಕೆಂದೇ ಬಿಟ್ಟ ಜಾಗದಲ್ಲಿ ಬೆಸುಗೆ ಚಪ್ಪಟೆಯಾಗಿ, ಶುಭ್ರವಾಗಿ ಇರುತ್ತದೆ. ಪಾರ್ಟು ಕಿತ್ತುಹೋದ ಜಾಗದಲ್ಲಿ ಬೆಸುಗೆ ಒರಟಾಗಿ, ಅದರ ಅಚ್ಚು ಮೂಡಿದಂತೆ ಇರುತ್ತದೆ.

ಅಕ್ಕಿಕಾಳಿಗಿಂತ ಚಿಕ್ಕ ರೆಸಿಸ್ಟರ್, ಕೆಪಾಸಿಟರ್ ಕೆಲವೊಮ್ಮೆ ಒಂದು ತುದಿಯಲ್ಲಿ ಎದ್ದು ನಿಂತಿರುತ್ತವೆ. ಒಂದು ಬದಿಯ ಬೆಸುಗೆ ಮೊದಲು ಕರಗಿ ಪಾರ್ಟನ್ನು ತನ್ನ ಕಡೆ ಎಳೆದುಕೊಂಡರೆ ಹೀಗಾಗುತ್ತದೆ. ಬರಿಗಣ್ಣಿಗೂ ಕಾಣುತ್ತದೆ. ಬೋರ್ಡನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಹೊಲದ ಸಾಲು ನೋಡಿದ ಹಾಗೆ ಅಡ್ಡಕ್ಕೆ ನೋಡಿ.

ದಿಕ್ಕಿನ ವಿಷಯ ಸ್ವಲ್ಪ ನಿಧಾನಕ್ಕೆ ಓದಿ. ಡಬ್ಬಿ ಆಕಾರದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಮೇಲಿನ ಪಟ್ಟಿ ಮೈನಸ್ ಕಡೆ. ಹಳದಿ ಅಥವಾ ಕಪ್ಪು ಇಟ್ಟಿಗೆಯಂತಿರುವ ಟಾಂಟಲಮ್ ಕೆಪಾಸಿಟರ್ ಮೇಲಿನ ಪಟ್ಟಿ ಪ್ಲಸ್ ಕಡೆ! ಡಯೋಡಿನ ಪಟ್ಟಿ ಕ್ಯಾಥೋಡ್, ಅಂದರೆ ಕರೆಂಟ್ ಹೊರಗೆ ಹೋಗುವ ತುದಿ. ಈ ಮೂರನ್ನು ಕಲಸಿಕೊಂಡು ಸರಿಯಿದ್ದ ಬೋರ್ಡನ್ನು ಕೆಟ್ಟಿದೆ ಅಂತ ವಾಪಸ್ ಕಳಿಸಿದವರಿದ್ದಾರೆ. ಉಲ್ಟಾ ಕೂತ ಟಾಂಟಲಮ್ ಮಾತ್ರ ಬಹಳ ಅಪಾಯ, ಬೆಂಕಿ ಹೊತ್ತಿಕೊಂಡು ಸಾಯಬಹುದು. ಐಸಿಯ ಒಂದು ಮೂಲೆಯಲ್ಲಿ ಚುಕ್ಕೆ ಅಥವಾ ಅಂಚಿನಲ್ಲಿ ಕಚ್ಚು ಇರುತ್ತದೆ. ಅದು 1ನೇ ಪಿನ್ನಿನ ಗುರುತು. ಬೋರ್ಡಿನ ಮೇಲೆ ಅಚ್ಚಾದ ಗುರುತಿಗೆ ಅದು ಹೊಂದಬೇಕು.

ರೆಸಿಸ್ಟರ್ ಮೇಲಿನ ಅಂಕಿ ಓದುವುದು ಸುಲಭ. 103 ಅಂದರೆ 10ರ ಮುಂದೆ ಮೂರು ಸೊನ್ನೆ, 10,000 ಓಮ್. 472 ಅಂದರೆ 4,700 ಓಮ್.

ಹಣ ಇದ್ದರೆ ಒಂದೇ ಮಾದರಿಯ ಎರಡು ಬೋರ್ಡ್ ತರಿಸಿ. ಸರ್ಕ್ಯೂಟ್ ಓದಲು ಬಾರದವರಿಗೂ ಎರಡನ್ನು ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಮುಂದಿನ ಎಲ್ಲ ಹಂತಕ್ಕೂ ಈ ಜೋಡಿ ಕೆಲಸಕ್ಕೆ ಬರುತ್ತದೆ.

4. ಬೆಸುಗೆ

ಈ ಹಂತಕ್ಕೆ ಅರ್ಧ ಸಮಯ ಕೊಡಿ. ನಾನು ನೋಡುವ ಹೊಸ ಬೋರ್ಡುಗಳ ದೋಷಗಳಲ್ಲಿ ಹೆಚ್ಚಿನವು ಇಲ್ಲೇ ಇರುತ್ತವೆ.

ಲ್ಯಾಂಪನ್ನು ನೆತ್ತಿಯ ಮೇಲೆ ಇಡಬೇಡಿ. ಪಕ್ಕಕ್ಕೆ, ತಗ್ಗಿನಲ್ಲಿ ಇಡಿ. ಸಂಜೆ ಬಿಸಿಲಲ್ಲಿ ನೆಲದ ಸಣ್ಣ ಉಬ್ಬುತಗ್ಗೂ ನೆರಳು ಚೆಲ್ಲುತ್ತದಲ್ವಾ, ಹಾಗೆ ಅಡ್ಡ ಬೆಳಕಿನಲ್ಲಿ ಬಿರುಕು ಎದ್ದು ಕಾಣುತ್ತದೆ. ಬೋರ್ಡನ್ನು ನಿಧಾನಕ್ಕೆ ತಿರುಗಿಸುತ್ತಾ, ಒಂದು ಮೂಲೆಯಿಂದ ಶುರುಮಾಡಿ ಸಾಲುಸಾಲಾಗಿ ನೋಡಿ. ಕಣ್ಣು ಹೋದಲ್ಲೆಲ್ಲ ನೋಡುತ್ತಾ ಹೋದರೆ ಒಂದು ಸಾಲು ತಪ್ಪಿಯೇ ತಪ್ಪುತ್ತದೆ.

ಒಳ್ಳೆಯ ಬೆಸುಗೆ ಪಿನ್ನಿಗೂ ತಾಮ್ರಕ್ಕೂ ಒಂದೇ ಸಮ ಹರಡಿರುತ್ತದೆ. ಕಾದ ಹಂಚಿನ ಮೇಲಿನ ರೊಟ್ಟಿಗೆ ನೀರು ಹಚ್ಚಿದಾಗ ಅಂಚಿನ ತನಕ ತೆಳ್ಳಗೆ ಹರಡುತ್ತದಲ್ಲ, ಹಾಗೆ. ಪಿನ್ನಿನ ಬುಡದಿಂದ ಹೊರಕ್ಕೆ ಒಳಬಾಗಿನ ಇಳಿಜಾರು ಇರುತ್ತದೆ. ಕೆಟ್ಟ ಬೆಸುಗೆ ಕೆಸುವಿನ ಎಲೆ ಮೇಲಿನ ಹನಿಯಂತೆ ದುಂಡಗೆ ಮುದ್ದೆಯಾಗಿ ಕೂತಿರುತ್ತದೆ. ಮುಟ್ಟಿದ ಹಾಗೆ ಕಾಣುತ್ತದೆ, ಹಿಡಿದಿರುವುದಿಲ್ಲ. ಇದಕ್ಕೇ ರಿಪೇರಿಯವರು ಡ್ರೈ ಸೋಲ್ಡರ್ ಅನ್ನುವುದು.

ಹೊಳಪು ನೋಡಿ ತೀರ್ಪು ಕೊಡಬೇಡಿ. ಹಳೆ ಕಾಲದ ತವರ-ಸೀಸದ ಬೆಸುಗೆ ಕನ್ನಡಿಯಂತೆ ಹೊಳೆಯುತ್ತಿತ್ತು. ಅದರಲ್ಲಿ ತವರ 63, ಸೀಸ 37 ಭಾಗ ಬೆರೆತಿದ್ದು 183 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಈಗಿನ ಬಹಳಷ್ಟು ಬೋರ್ಡುಗಳಲ್ಲಿ ಸೀಸವಿಲ್ಲದ ಬೆಸುಗೆ ಇದೆ. ತವರಕ್ಕೆ ಸ್ವಲ್ಪ ಬೆಳ್ಳಿ, ತಾಮ್ರ ಸೇರಿದ್ದು, ಸುಮಾರು 217 ಡಿಗ್ರಿ ದಾಟಿದ ಮೇಲೆ ಕರಗುತ್ತದೆ. ಅದು ಆರಿದ ಮೇಲೆ ಮಂಕಾಗಿಯೇ ಇರುತ್ತದೆ. ಮಂಕು ಇದ್ದರೂ ಹರಡುವಿಕೆ, ಇಳಿಜಾರು ಸರಿ ಇದ್ದರೆ ಬೆಸುಗೆ ಸರಿ. ಆಕಾರ ನೋಡಿ, ಬಣ್ಣ ನೋಡಬೇಡಿ.

ಇನ್ನು ಒಂದೊಂದಾಗಿ.

ಸೇತುವೆ. ಪಕ್ಕಪಕ್ಕದ ಎರಡು ಪಿನ್ನುಗಳ ನಡುವೆ ಬೆಸುಗೆ ಹರಿದು ಕೂಡಿಕೊಂಡಿರುವುದು. ಪಿನ್ನುಗಳ ನಡುವಿನ ದೂರ ಅರ್ಧ ಮಿಲಿಮೀಟರ್ ಇರುವ ಐಸಿಗಳಲ್ಲಿ ಜಾಸ್ತಿ. ಎಷ್ಟೋ ಸಲ ಪಿನ್ನಿನ ತುದಿಯಲ್ಲಿ ಏನೂ ಇರುವುದಿಲ್ಲ, ಐಸಿಯ ಹೊಟ್ಟೆಗೆ ತಾಗಿ ಹಿಂದುಗಡೆ ಇರುತ್ತದೆ. ಅಡ್ಡಕ್ಕೆ ಹಿಡಿದು, ಆಚೆಯಿಂದ ಬೆಳಕು ಬಿಟ್ಟು, ಪ್ರತಿ ಸಂದಿಯಲ್ಲೂ ಬೆಳಕು ತೂರುತ್ತದಾ ನೋಡಿ. ಹಾಂ, ಎರಡು ಪಿನ್ನು ಕೂಡಿದ್ದೆಲ್ಲ ತಪ್ಪಲ್ಲ. ಎರಡೂ ಗ್ರೌಂಡ್, ಅಂದರೆ ಮೈನಸ್ ಕಡೆಯ ಪಿನ್ನಾಗಿದ್ದರೆ ಕೆಳಗಿನ ಟ್ರ್ಯಾಕೇ ಅವನ್ನು ಕೂಡಿಸಿರುತ್ತದೆ. ಐಸಿಯ ಪಿನ್ ಚಿತ್ರ ನೋಡದೆ ಬಿಡಿಸಲು ಹೋಗಬೇಡಿ.

ಬೆಸುಗೆ ಗುಂಡು. ಸಾಸಿವೆಗಿಂತ ಸಣ್ಣ ಗೋಲಿಗಳು, ಪಾರ್ಟುಗಳ ಸಂದಿಯಲ್ಲಿ. ಕಡ್ಡಿಯಿಂದ ಮುಟ್ಟಿದಾಗ ಉರುಳಿದರೆ ಬ್ರಷ್ ಹಾಕಿ ತೆಗೆಯಿರಿ. ಹಾಗೇ ಬಿಟ್ಟರೆ ಸಾಗಾಟದ ಅದುರುವಿಕೆಗೆ ಸರಿದು ಎಲ್ಲಿ ಹೋಗಿ ಶಾರ್ಟ್ ಮಾಡುತ್ತದೋ ಹೇಳಲಾಗದು.

ತುಂಬದ ತೂತು. ಕಾಲು ತೂರಿಸಿ ಬೆಸೆದ ಪಾರ್ಟುಗಳಲ್ಲಿ, ಅಂದರೆ ರಿಲೇ, ಕನೆಕ್ಟರ್, ಟ್ರಾನ್ಸ್‌ಫಾರ್ಮರ್‌ನಲ್ಲಿ, ಬೆಸುಗೆ ತೂತಿನೊಳಗೆ ಕನಿಷ್ಠ ಮುಕ್ಕಾಲು ಭಾಗ ಏರಿರಬೇಕು. ಎರಡೂ ಬದಿ ತಾಮ್ರ ಇರುವ ಬೋರ್ಡಿನಲ್ಲಿ ಮೇಲಿನಿಂದ ಇಣುಕಿದರೆ ತಿಳಿಯುತ್ತದೆ.

ಉಂಗುರ ಬಿರುಕು. ಇದನ್ನು ನಾನು ಎಲ್ಲಕ್ಕಿಂತ ಜಾಸ್ತಿ ಹುಡುಕುತ್ತೇನೆ. ಅಣ್ಣಿಗೇರಿ ಕಡೆಯ ಒಬ್ಬರು ಸ್ಟಾರ್ಟರ್ ಕಾರ್ಡ್ ತಂದಿದ್ದರು. ಅಂಗಡಿಯಲ್ಲಿ ನಡೆಯುತ್ತದೆ, ನನ್ನ ಮೇಜಿನ ಮೇಲೂ ನಡೆಯಿತು, ಹೊಲದಲ್ಲಿ ಮಾತ್ರ ನಿಲ್ಲುತ್ತದೆ. ರಿಲೇಯ ಐದು ಪಿನ್ನುಗಳ ಬೆಸುಗೆಯೂ ಹೊಳೆಯುತ್ತಿತ್ತು. ಲ್ಯಾಂಪ್ ತಗ್ಗಿಸಿ ಲೂಪ್ ಹಿಡಿದಾಗ ಒಂದು ಪಿನ್ನಿನ ಸುತ್ತ ಕೂದಲೆಳೆಯಷ್ಟು ಕಪ್ಪು ಗೆರೆ ಕಂಡಿತು. ಬಳೆ ಹಾಗೆ ಪೂರ್ತಿ ಸುತ್ತು. ಮರದ ಕಡ್ಡಿಯಿಂದ ಪಿನ್ನನ್ನು ಮೆಲ್ಲಗೆ ಒತ್ತಿದೆ. ಪಿನ್ನು ಅಲುಗಿತು, ಬೆಸುಗೆ ಅಲುಗಲಿಲ್ಲ. ಹೊಲದಲ್ಲಿ ಕಾಂಟ್ಯಾಕ್ಟರ್, ಅಂದರೆ ಮೋಟಾರಿಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್ಚು, ಧಡ್ ಅಂತ ಎಳೆದಾಗ ಡಬ್ಬಿ ಅದುರಿ, ಆ ಪಿನ್ನು ಬಿಟ್ಟು ಬಿಟ್ಟು ತಾಗುತ್ತಿತ್ತು. ಹೊಸದಾಗಿ ಬೆಸೆಯಲು ಒಂದು ನಿಮಿಷ ಸಾಕಾಯಿತು. ಅವರು ಅದಕ್ಕಾಗಿ ಮೂರು ಸಲ ಬಸ್ ಹತ್ತಿದ್ದರು.

ಭಾರದ ಪಾರ್ಟು, ಕೈಯಿಂದ ಸಿಕ್ಕಿಸಿ ತೆಗೆಯುವ ಪಾರ್ಟು, ಇವುಗಳ ಪ್ರತಿ ಪಿನ್ನಿಗೂ ಈ ಕಡ್ಡಿ ಪರೀಕ್ಷೆ ಮಾಡಿ. ಯುಎಸ್‌ಬಿ ಸಾಕೆಟ್ಟಿನ ಬದಿಯ ಕಿವಿಗಳನ್ನು ಮರೆಯಬೇಡಿ. ಕೇಬಲ್ ಎಳೆಯುವ ಜೋರನ್ನೆಲ್ಲ ಹೊರುವುದು ಆ ಕಿವಿಗಳೇ.

ಕೊನೆಗೆ ಅಂಟು. ಬೆಸುಗೆ ಹರಿಯಲು ಹಾಕುವ ಪೇಸ್ಟ್, ಅಂದರೆ ಫ್ಲಕ್ಸ್, ಬೆಲ್ಲದ ಪಾಕದ ಬಣ್ಣದಲ್ಲಿ ಉಳಿದಿರುತ್ತದೆ. ಗಟ್ಟಿಯಾಗಿ, ಪಾರದರ್ಶಕವಾಗಿದ್ದರೆ ತೊಂದರೆ ಕಡಿಮೆ. ಬೆರಳಿಗೆ ಜಿಗುಟಾದರೆ ಐಪಿಎ ಹಾಕಿ ಬ್ರಷ್ಷಿನಿಂದ ತೊಳೆಯಿರಿ. ನಮ್ಮ ಎರೆ ನೆಲದ ನಯವಾದ ಧೂಳು ಜಿಗುಟಿನ ಮೇಲೆ ಕೂತು, ಜುಲೈಯಲ್ಲಿ ಧಾರವಾಡದ ಜಿಟಿಜಿಟಿ ಮಳೆಯ ತೇವ ಅದಕ್ಕೆ ಸೇರಿದರೆ, ಬೇಡದ ಕಡೆ ಕರೆಂಟ್ ಹರಿಯಲು ಶುರುವಾಗುತ್ತದೆ. ತೊಳೆದ ಮೇಲೆ ಬಿಳಿ ಪುಡಿ ಉಳಿದರೆ ಹೊಸ ಐಪಿಎಯಿಂದ ಇನ್ನೊಮ್ಮೆ ತೊಳೆಯಿರಿ.

ಒಂದು ಮಿತಿ ನೆನಪಿರಲಿ. ಹೊಟ್ಟೆಯ ಕೆಳಗೆ ಬೆಸುಗೆ ಇರುವ ಐಸಿಗಳನ್ನು ಲೂಪಿನಲ್ಲಿ ನೋಡಲಾಗದು. ಕಾರ್ಖಾನೆಯಲ್ಲಿ ಅದಕ್ಕೆ ಎಕ್ಸ್‌ರೇ ಬಳಸುತ್ತಾರೆ. ನಮಗೆ ಮೀಟರ್ ಮತ್ತು ಬಿಸಿ ಪರೀಕ್ಷೆಯೇ ಗತಿ.

5. 230 ವೋಲ್ಟ್ ಹರಿಯುವ ಬೋರ್ಡಾದರೆ ಇದೂ ನೋಡಿ

ರಿಲೇ ಬೋರ್ಡು, ಸ್ಟಾರ್ಟರ್ ಕಾರ್ಡು, ಮೇನ್ಸ್‌ಗೆ (230 ವೋಲ್ಟಿನ ಲೈನಿಗೆ) ಹಚ್ಚುವ ಯಾವ ಬೋರ್ಡಾದರೂ ಇಲ್ಲಿ ಕಟ್ಟುನಿಟ್ಟಾಗಿರಿ. ಹೋಗುವುದು ಬೋರ್ಡಷ್ಟೇ ಅಲ್ಲ, ಜೀವವೂ ಇರಬಹುದು.

ಮೇನ್ಸ್ ಟ್ರ್ಯಾಕಿಗೂ 5 ವೋಲ್ಟಿನ ಟ್ರ್ಯಾಕಿಗೂ ನಡುವೆ ಬೋರ್ಡಿನ ಮೇಲ್ಮೈಯಲ್ಲಿ ಎಷ್ಟು ದೂರ ಇದೆ? ಸ್ಕೇಲ್ ಇಟ್ಟು ಅಳೆಯಿರಿ. 6 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ನಾನು ಆ ಬೋರ್ಡನ್ನು ಮೇನ್ಸ್‌ಗೆ ಹಚ್ಚುವುದಿಲ್ಲ. ಒಳ್ಳೆಯ ಬೋರ್ಡುಗಳಲ್ಲಿ ರಿಲೇಯ ಕೆಳಗೆ ಉದ್ದನೆಯ ಸೀಳು ಕೊರೆದಿರುತ್ತಾರೆ, ಧೂಳು ತೇವ ಕೂತರೂ ದಾರಿ ಕಡಿಯಲಿ ಅಂತ. ಆ ಜಾಗದಲ್ಲಿ ಬೆಸುಗೆ ಗುಂಡು, ಜಿಗುಟು, ಕತ್ತರಿಸದೆ ಬಿಟ್ಟ ಉದ್ದ ಕಾಲು ಒಂದೂ ಇರಬಾರದು.

ರಿಲೇ ಮೇಲೆ 10 ಆಂಪಿಯರ್ ಅಂತ ಬರೆದಿದೆ, ಹಾಗಾಗಿ ಬೋರ್ಡೂ 10 ಆಂಪಿಯರ್ ತಡೆಯುತ್ತದೆ ಅಂದುಕೊಳ್ಳುತ್ತಾರೆ. ಟ್ರ್ಯಾಕ್ ಅಳೆಯಿರಿ. 35 ಮೈಕ್ರಾನ್ ತಾಮ್ರದಲ್ಲಿ 10 ಆಂಪಿಯರನ್ನು 10 ಡಿಗ್ರಿಗಿಂತ ಹೆಚ್ಚು ಬಿಸಿಯಾಗದೆ ಒಯ್ಯಲು ಸುಮಾರು 7 ಮಿಲಿಮೀಟರ್ ಅಗಲ ಬೇಕು. ಎರಡೇ ಮಿಲಿಮೀಟರ್ ಟ್ರ್ಯಾಕ್ ಇದ್ದರೆ ಆ ಬೋರ್ಡ್ ಬಲ್ಬು, ಫ್ಯಾನಿಗೆ ಸರಿ. ಪಂಪಿಗೆ ನೇರ ಹಚ್ಚಬೇಡಿ. 1 ಎಚ್‌ಪಿ ಸಿಂಗಲ್ ಫೇಸ್ ಮೋಟಾರು ಓಡುವಾಗಲೇ ಆರೇಳು ಆಂಪಿಯರ್ ಎಳೆಯುತ್ತದೆ, ಶುರುವಾಗುವಾಗ ಅದರ ಹಲವು ಪಟ್ಟು. ರಿಲೇಯಿಂದ ಕಾಂಟ್ಯಾಕ್ಟರ್ ನಡೆಸಿ, ಕಾಂಟ್ಯಾಕ್ಟರಿನಿಂದ ಮೋಟಾರ್.

6. ಮೀಟರ್, ಇನ್ನೂ ಕರೆಂಟ್ ಇಲ್ಲದೆ

ಮೀಟರನ್ನು ಓಮ್‌ಗೆ ಇಟ್ಟು ಎರಡು ಮೊನೆಗಳನ್ನು ಒಂದಕ್ಕೊಂದು ಮುಟ್ಟಿಸಿ. 0.2ರಿಂದ 0.5 ಓಮ್ ತೋರಿಸಿದರೆ ಅದು ವೈರಿನದೇ. ಆ ಅಂಕಿ ನೆನಪಿಡಿ.

ಈಗ ಬೋರ್ಡಿನ ಪ್ಲಸ್ ಮತ್ತು ಗ್ರೌಂಡ್ ನಡುವೆ ಅಳೆಯಿರಿ. ಅಂಕಿ ಚಿಕ್ಕದರಿಂದ ಶುರುವಾಗಿ ಏರುತ್ತಾ ಹೋದರೆ ಕೆಪಾಸಿಟರ್ ತುಂಬಿಕೊಳ್ಳುತ್ತಿದೆ, ಅದು ಒಳ್ಳೆಯ ಲಕ್ಷಣ. ನಿಂತ ಮೇಲೆ ಬರೆದುಕೊಳ್ಳಿ. ಕೆಲವು ನೂರು ಓಮಿಗಿಂತ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. 5 ಓಮಿಗಿಂತ ಕಡಿಮೆ ಬಂದು ಅಲ್ಲೇ ನಿಂತರೆ ಕರೆಂಟ್ ಕೊಡಬೇಡಿ, ಎಲ್ಲೋ ಶಾರ್ಟ್ ಇದೆ. ನಡುವೆ ಬಂದರೆ ಜೋಡಿ ಬೋರ್ಡಿನ ಅಂಕಿಗೆ ಹೋಲಿಸಿ. ವೈಫೈ ಬೋರ್ಡಿನಲ್ಲಿ 5 ವೋಲ್ಟ್ ಪಿನ್ನಿಗೂ 3.3 ವೋಲ್ಟ್ ಪಿನ್ನಿಗೂ ಬೇರೆ ಬೇರೆಯಾಗಿ ಅಳೆಯಬೇಕು.

ಬೀಪ್ ಅಂದ ಕೂಡಲೇ ಶಾರ್ಟ್ ಅನ್ನಬೇಡಿ. ಕೆಲವು ಮೀಟರ್‌ಗಳು 50 ಓಮ್ ಇದ್ದರೂ ಬೀಪ್ ಅನ್ನುತ್ತವೆ. 5 ವೋಲ್ಟಿನ ಸಾಮಾನ್ಯ ರಿಲೇಯ ಕಾಯಿಲ್ (ಒಳಗಿನ ತಂತಿ ಸುರುಳಿ) ಒಂದೇ 70 ಓಮ್ ಆಸುಪಾಸು ಇರುತ್ತದೆ. ಕಿವಿಗಿಂತ ಅಂಕಿ ನಂಬಿ.

ಹಂತ 2 ಮತ್ತು 4ರಲ್ಲಿ ಅನುಮಾನ ಬಂದ ಜಾಗಗಳನ್ನು ಈಗ ಅಳೆಯಿರಿ. ಗ್ರೌಂಡ್ ಅಂತ ಬರೆದ ಪಿನ್ನುಗಳೆಲ್ಲ ಒಂದಕ್ಕೊಂದು ಕೂಡಿರಬೇಕು. ಮೇನ್ಸ್ ಬೋರ್ಡಾದರೆ ಮೇನ್ಸ್ ಟರ್ಮಿನಲ್‌ಗೂ ಕಡಿಮೆ ವೋಲ್ಟೇಜ್ ಬದಿಗೂ ನಡುವೆ ಮೀಟರ್ ಏನೂ ತೋರಿಸಬಾರದು. ಚಾರ್ಜಿಂಗ್ ಬೋರ್ಡಿಗೆ ಲಿಥಿಯಂ ಸೆಲ್ ಹಚ್ಚುವ ಮುಂಚೆಯಂತೂ ಬ್ಯಾಟರಿ ಟರ್ಮಿನಲ್‌ಗಳ ನಡುವೆ ಅಳೆಯಲೇಬೇಕು. ಶಾರ್ಟ್ ಸಿಕ್ಕರೆ ಸೆಲ್ಲು ಕರೆಂಟನ್ನು ಮಿತಿಯಿಲ್ಲದೆ ಸುರಿಯುತ್ತದೆ.

7. ಈಗ ಕರೆಂಟ್

ಪವರ್ ಸಪ್ಲೈ ಇದ್ದವರು ವೋಲ್ಟೇಜ್ ಸರಿಯಾಗಿ ಇಟ್ಟು, ಕರೆಂಟ್ ಮಿತಿಯನ್ನು 100 ಮಿಲಿಆಂಪಿಯರಿಗೆ ಇಡಿ. ಹಚ್ಚಿದ ಕೂಡಲೇ ಮಿತಿಗೆ ಮುಟ್ಟಿ ವೋಲ್ಟೇಜ್ ಕುಸಿದರೆ ಆರಿಸಿ, ಹುಡುಕಿ. ಕುಸಿಯದಿದ್ದರೆ ಮಿತಿ ಏರಿಸುತ್ತಾ ಹೋಗಿ. ವೈಫೈ ಬೋರ್ಡ್ ರೇಡಿಯೋ ಶುರುವಾದಾಗ ಕ್ಷಣಮಾತ್ರ ಅರ್ಧ ಆಂಪಿಯರ್ ಸಮೀಪಕ್ಕೆ ಎಳೆಯುತ್ತದೆ, ಅದು ದೋಷವಲ್ಲ.

ಪವರ್ ಸಪ್ಲೈ ಇಲ್ಲದವರು 5 ವೋಲ್ಟಿನ ಪ್ಲಸ್ ವೈರಿನಲ್ಲಿ 10 ಓಮ್, 5 ವಾಟಿನ ಬಿಳಿ ಸಿಮೆಂಟ್ ರೆಸಿಸ್ಟರ್ ಸೇರಿಸಿ. ಪೂರ್ತಿ ಶಾರ್ಟ್ ಇದ್ದರೂ ಅರ್ಧ ಆಂಪಿಯರಿಗಿಂತ ಜಾಸ್ತಿ ಹರಿಯದು. ರೆಸಿಸ್ಟರಿನ ಎರಡು ತುದಿಗೆ ಮೀಟರ್ ಹಚ್ಚಿ. ಅರ್ಧ ವೋಲ್ಟ್ ತೋರಿಸಿದರೆ ಬೋರ್ಡು 50 ಮಿಲಿಆಂಪಿಯರ್ ಎಳೆಯುತ್ತಿದೆ. ಸಮಾಧಾನ ಆದ ಮೇಲೆ ರೆಸಿಸ್ಟರ್ ತೆಗೆಯಿರಿ. ಲ್ಯಾಪ್‌ಟಾಪಿನ ಯುಎಸ್‌ಬಿಗೆ ಮೊದಲ ಸಲ ನೇರ ಹಚ್ಚಬೇಡಿ.

ಮೇನ್ಸ್ ಬೋರ್ಡಿಗೆ ನಮ್ಮ ರಿಪೇರಿ ಅಂಗಡಿಗಳಲ್ಲಿ ಬಹಳ ಹಿಂದಿನಿಂದ ಬಂದ ಸೀರೀಸ್ ಬಲ್ಬೇ ಸರಿ. ಫೇಸ್ ವೈರಿನಲ್ಲಿ 60 ವಾಟಿನ ತಂತಿಯ ಬಲ್ಬು ಸೇರಿಸಿ. ಬಲ್ಬು ಒಮ್ಮೆ ಮಿಣುಕಿ ಮಂಕಾದರೆ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಶಾರ್ಟ್. ಎಲ್‌ಇಡಿ ಬಲ್ಬು ಇದಕ್ಕೆ ನಡೆಯದು. ಬಲ್ಬು ಮಂಕಾಗಿದೆ ಅಂತ ಬೋರ್ಡ್ ಮುಟ್ಟಬೇಡಿ, ಅದರಲ್ಲಿ 230 ವೋಲ್ಟ್ ಇದ್ದೇ ಇದೆ. ಆರಿಸಿದ ಮೇಲೂ ಪವರ್ ಭಾಗದ ದೊಡ್ಡ ಕೆಪಾಸಿಟರಿನಲ್ಲಿ 325 ವೋಲ್ಟ್ ಡಿಸಿ ಉಳಿದಿರಬಹುದು. ಡಿಸಿ ರೇಂಜಿನಲ್ಲಿ ಅಳೆದು, ಸೊನ್ನೆಗೆ ಇಳಿದಿದ್ದನ್ನು ನೋಡಿಯೇ ಕೈ ಹಾಕಿ. ಮೇನ್ಸ್ ಕೆಲಸ ರೂಢಿಯಿಲ್ಲದವರು ಈ ಹಂತವನ್ನು ಗೊತ್ತಿರುವ ಎಲೆಕ್ಟ್ರಿಷಿಯನ್ ಪಕ್ಕದಲ್ಲಿದ್ದಾಗ ಮಾಡಿ.

ಬೋರ್ಡ್ ಹತ್ತಿತಲ್ಲ, ವೋಲ್ಟೇಜ್ ಅಳೆಯಿರಿ. 3.3 ವೋಲ್ಟಿನ ಜಾಗದಲ್ಲಿ 3.14ರಿಂದ 3.47ರ ಒಳಗೆ ಬರಬೇಕು. ಬಕ್ ಮಾಡ್ಯೂಲ್ ಆದರೆ ಔಟ್‌ಪುಟ್‌ಗೆ ಏನೂ ಹಚ್ಚದೆ ಮೊದಲು ವೋಲ್ಟೇಜ್ ನೋಡಿ, ಹಿತ್ತಾಳೆ ಸ್ಕ್ರೂ ತಿರುಗಿಸಿ ಬೇಕಾದಲ್ಲಿಗೆ ತನ್ನಿ. ಕಾರ್ಖಾನೆಯಿಂದ ಅದು ಎಷ್ಟಕ್ಕೆ ಬಂದಿದೆ ಅಂತ ಹೇಳಲಾಗದು. 12 ವೋಲ್ಟಿಗೆ ನಿಂತಿದ್ದ ಮಾಡ್ಯೂಲಿಗೆ 5 ವೋಲ್ಟಿನ ಬೋರ್ಡ್ ಹಚ್ಚಿ ಸುಟ್ಟವರು ನನ್ನ ಹತ್ತಿರ ಬಹಳ ಜನ ಬಂದಿದ್ದಾರೆ. ಸ್ಕ್ರೂ ಹತ್ತಿಪ್ಪತ್ತು ಸುತ್ತು ತಿರುಗುತ್ತದೆ. ಮೂರು ಸುತ್ತಿಗೆ ಬದಲಾಗಲಿಲ್ಲ ಅಂತ ಕೆಟ್ಟಿದೆ ಅನ್ನಬೇಡಿ.

ಯಾವುದೋ ಪಾರ್ಟು ಬಿಸಿಯಾಗುತ್ತಿದೆ, ಯಾವುದು ಗೊತ್ತಾಗುತ್ತಿಲ್ಲ ಅಂದರೆ, ಕರೆಂಟ್ ಆರಿಸಿ ಬೋರ್ಡಿನ ಮೇಲೆ ಐಪಿಎ ತೆಳ್ಳಗೆ ಸವರಿ, ಕರೆಂಟ್ ಕೊಡಿ. ಮೊದಲು ಒಣಗಿದ ಜಾಗವೇ ಬಿಸಿ ಜಾಗ. ಇದು 5, 12 ವೋಲ್ಟಿನ ಬೋರ್ಡಿಗೆ ಮಾತ್ರ. ಐಪಿಎ ಬೆಂಕಿ ಹಿಡಿಯುವ ವಸ್ತು, ಮೇನ್ಸ್ ಹತ್ತಿರ ತರಲೇಬೇಡಿ.

8. ಒಂದು ದಿನ ಓಡಿಸಿ

ನಿಮ್ಮ ನಿಜವಾದ ಲೋಡ್, ಅಂದರೆ ಬೋರ್ಡು ನಡೆಸಬೇಕಾದ ಸಾಮಾನು ಹಚ್ಚಿ 24 ಗಂಟೆ ಓಡಲು ಬಿಡಿ, ಕಣ್ಣಳತೆಯಲ್ಲಿ. ನಡುನಡುವೆ ಕಡಿಮೆ ವೋಲ್ಟಿನ ಬೋರ್ಡಾದರೆ ಪೆನ್ಸಿಲ್ಲಿನ ರಬ್ಬರ್ ತುದಿಯಿಂದ ರಿಲೇ, ಕನೆಕ್ಟರ್, ಕಾಯಿಲ್ ಹತ್ತಿರ ಮೆಲ್ಲಗೆ ತಟ್ಟಿ. ತಟ್ಟಿದಾಗ ನಿಂತರೆ ಅಲ್ಲೇ ಡ್ರೈ ಸೋಲ್ಡರ್ ಇದೆ.

ದೋಷ ಸಿಕ್ಕರೆ?

ವಾಪಸ್ ಕೊಡುವ ಅವಧಿ ಇನ್ನೂ ಇದ್ದರೆ ವಾಪಸ್ಸೇ ಕೊಡಿ. ದೋಷದ ಜಾಗದ ಹತ್ತಿರದ ಫೋಟೋ, ಮೀಟರ್ ಅಂಕಿಯ ಫೋಟೋ ಜೊತೆಗೆ ಕಳಿಸಿ. "ವರ್ಕ್ ಆಗ್ತಿಲ್ಲ" ಅಂತ ಸುಮ್ನೆ ಬರೆದರೆ ವಾರಗಟ್ಟಲೆ ಎಳೆದಾಟ ಆಗುತ್ತದೆ. "3.3 ವೋಲ್ಟ್ ಮತ್ತು ಗ್ರೌಂಡ್ ನಡುವೆ 0.8 ಓಮ್" ಅಂತ ಬರೆದರೆ ಮಾತು ಬೇಗ ಮುಗಿಯುತ್ತದೆ.

ಅವಧಿ ಮುಗಿದಿದ್ದರೆ ಡ್ರೈ ಸೋಲ್ಡರ್ ನೀವೇ ಸರಿಮಾಡಬಹುದು. ಮೊದಲು ಸ್ವಲ್ಪ ಫ್ಲಕ್ಸ್, ಆಮೇಲೆ 350 ಡಿಗ್ರಿ ಆಸುಪಾಸಿನ ಬಿಟ್ಟನ್ನು (ಸೋಲ್ಡರಿಂಗ್ ಐರನ್ನಿನ ತುದಿಯನ್ನು) ಪಿನ್ನಿಗೂ ತಾಮ್ರಕ್ಕೂ ಒಟ್ಟಿಗೆ ತಾಗಿಸಿ ಎರಡು ಮೂರು ಸೆಕೆಂಡ್, ಚೂರು ಹೊಸ ಬೆಸುಗೆ. ಅದಕ್ಕಿಂತ ಜಾಸ್ತಿ ಹೊತ್ತು ಹಿಡಿದರೆ ತಾಮ್ರವೇ ಹಲಗೆಯಿಂದ ಎದ್ದು ಬರುತ್ತದೆ. ಸೇತುವೆ ಬಿಡಿಸಲು ಫ್ಲಕ್ಸ್ ಹಚ್ಚಿ, ಬೆಸುಗೆ ಹೀರುವ ತಾಮ್ರದ ಜಾಲರಿ ಪಟ್ಟಿ ಇಟ್ಟು ಬಿಟ್ಟಿನಿಂದ ಒತ್ತಿ. ಬ್ಲೇಡಿನಿಂದ ಕೆರೆಯಬೇಡಿ. ಅರ್ಧ ಮಿಲಿಮೀಟರ್ ಸಂದಿಯ ಐಸಿ ಆದರೆ ಮೈಕ್ರೋಸ್ಕೋಪ್ ಇರುವ ಮೊಬೈಲ್ ರಿಪೇರಿಯವರ ಹತ್ತಿರ ಒಯ್ಯಿರಿ, ಅವರಿಗೆ ಅದು ದಿನದ ಕೆಲಸ. ಬೆಸುಗೆ ಮುಟ್ಟಿದ ಕೈಯನ್ನು ಊಟಕ್ಕೆ ಮುಂಚೆ ಸೋಪು ಹಾಕಿ ತೊಳೆಯಿರಿ, ಸೀಸ ಇರಬಹುದು.

ಹತ್ತಿಪ್ಪತ್ತು ಬೋರ್ಡ್ ಒಟ್ಟಿಗೆ ತರಿಸಿದವರು ಮೊದಲ ಎರಡನ್ನು ಪೂರ್ತಿ ಕ್ರಮದಲ್ಲಿ ನೋಡಿ. ಎರಡರಲ್ಲೂ ಒಂದೇ ಜಾಗದಲ್ಲಿ ಒಂದೇ ದೋಷ ಕಂಡರೆ ಅದು ಆಕಸ್ಮಿಕವಲ್ಲ, ಇಡೀ ಲಾಟಿನಲ್ಲಿ ಇರುತ್ತದೆ. ಉಳಿದವನ್ನು ಬಿಚ್ಚದೆ ಮಾತಾಡಿ.

ಪಾಸಾದ ಬೋರ್ಡಿನ ಪ್ಲಸ್-ಗ್ರೌಂಡ್ ಓಮ್, ಎಳೆದ ಕರೆಂಟ್, ತಾರೀಖು ಇವನ್ನು ಒಂದು ಚೀಟಿಯಲ್ಲಿ ಬರೆದು ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿ. ಎರಡು ವರ್ಷದ ಮೇಲೆ ಆ ಬೋರ್ಡು ನಿಂತಾಗ ರಿಪೇರಿಗೆ ಕೂತವರು ಮೊದಲು ಕೇಳುವ ಅಂಕಿಗಳು ಅವೇ.